ಮಗುವಿನ ಮನಸ್ಸೂ ತಜ್ಞರ ವರದಿಯೂ

ಮೈಸೂರು ಸೀಮೆಯ ಬದನವಾಳಿನಂಥ ಊರಿನಲ್ಲಿ ಗಂಡಹೆಂಡಿರ ವಿರಸ ವಿಕೋಪಕ್ಕೆ ಹೋಗಿ ಮಕ್ಕಳು ಯಾರ ಬಳಿ ಇರಬೇಕೆಂಬ ಪ್ರಶ್ನೆ ಎದ್ದಾಗ, ಹಿಂದೆ ಊರ ಯಜಮಾನರೂ ಸೋದರಮಾವಂದಿರೂ ಜಗಲಿಯ ಮೇಲೆ ಕುಳಿತು ತೀರ್ಮಾನ ಹೇಳುತ್ತಿದ್ದರು. ಆ ತೀರ್ಮಾನಗಳೆಲ್ಲ ನ್ಯಾಯಯುತವಾಗಿದ್ದವೆಂದು ಭ್ರಮಿಸಬೇಕಾಗಿಲ್ಲ, ತಾಯಿಯ ಮಾತಿಗೆ ಅಲ್ಲಿ ದೊರೆಯುತ್ತಿದ್ದ ಮನ್ನಣೆ ಅತ್ಯಲ್ಪ. ಇಂದು ಅದೇ ವ್ಯಾಜ್ಯ ಮೈಸೂರಿನ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರುತ್ತದೆ, ಮತ್ತು ಅಲ್ಲಿ ವಾದಿ ಪ್ರತಿವಾದಿಗಳ ಜತೆಗೆ ಮೂರನೆಯವರೊಬ್ಬರ ಮಾತೂ ಕೇಳಿಬರುವುದುಂಟು: ಮಗುವನ್ನೂ ತಂದೆತಾಯಿಗಳನ್ನೂ ಪರೀಕ್ಷಿಸಿ ವರದಿ ಕೊಡುವ ಮನಃಶಾಸ್ತ್ರಜ್ಞರದು. ಈ ವರದಿ ನ್ಯಾಯಾಧೀಶರಿಗೆ ಸಹಾಯಕವಾಗಬೇಕೇ ಹೊರತು ಅವರ ಸ್ಥಾನವನ್ನೇ ಆಕ್ರಮಿಸಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾನೂನಿನ ಆಶಯವೂ ಇದೇ. ಅಪ್ರಾಪ್ತರ ಪೋಷಕತ್ವಕ್ಕೆ ಸಂಬಂಧಿಸಿದ 1890ರ ಶಾಸನದ 17ನೆಯ ಪ್ರಕರಣವು ಮಗುವಿನ ಕ್ಷೇಮವನ್ನು ಮುಂದಿಟ್ಟು, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ವಿಚಾರಿಸಲು ಅವಕಾಶವಿತ್ತಿದೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಶಾಸನವು ಆ ಕ್ಷೇಮವೇ ಪರಮೋಚ್ಚವೆಂದು ಸಾರಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಶಾಸನದ 12ನೆಯ ಪ್ರಕರಣ ವೈದ್ಯರ ಹಾಗೂ ಕುಟುಂಬಕಲ್ಯಾಣದಲ್ಲಿ ನಿರತರಾದವರ ನೆರವನ್ನು ಪಡೆಯಬಹುದೆಂದಿದೆ. ಪಡೆಯಬಹುದೆಂದಿದೆಯೇ ವಿನಾ ಅದಕ್ಕೆ ಶರಣಾಗಬೇಕೆಂದಿಲ್ಲ.

ಈ ನೆರವು ನಿರರ್ಥಕವೆಂದು ಯಾರೂ ಹೇಳಲಾರರು. ನ್ಯಾಯಾಧೀಶರ ಕೊಠಡಿಯಲ್ಲಿ ಕೆಲವೇ ನಿಮಿಷ ನಿಂತು 'ಅಪ್ಪ ಬೇಡ' ಎನ್ನುವ ಮಗು ತನ್ನ ಭಯವನ್ನು ಹೇಳುತ್ತಿದೆಯೋ ಮನೆಯಲ್ಲಿ ಕಲಿಸಿದ ಪಾಠವನ್ನು ಒಪ್ಪಿಸುತ್ತಿದೆಯೋ ತಿಳಿಯಲು ತಾಳ್ಮೆಯುಳ್ಳ, ತರಬೇತಾದ ಕಿವಿ ಬೇಕು. ಕೇರಳದ ಪ್ರಕರಣವೊಂದರಲ್ಲಿ ಮಗನನ್ನು ತಂದೆಗೊಪ್ಪಿಸುವ ಆದೇಶವನ್ನು 2024ರಲ್ಲಿ ಎತ್ತಿಹಿಡಿದಿದ್ದ ಸರ್ವೋಚ್ಚ ನ್ಯಾಯಾಲಯವು, ಅನಂತರ ಆ ಬಾಲಕನ ಮನಸ್ಸನ್ನು ಆತಂಕ ಆವರಿಸಿದ್ದನ್ನು ತಜ್ಞರ ವರದಿಗಳಿಂದ ಅರಿತು, 2025ರ ಜುಲೈ ತಿಂಗಳಲ್ಲಿ ತನ್ನ ತೀರ್ಪನ್ನು ತಾನೇ ಬದಲಿಸಿತು. ಇಂಥ ವಿನಯ ನ್ಯಾಯಪೀಠಗಳಲ್ಲಿ ವಿರಳ.

ಆದರೆ ಶಾಸ್ತ್ರದ ಹೆಸರಿನಲ್ಲಿ ಬರುವುದೆಲ್ಲ ಶಾಸ್ತ್ರವಲ್ಲ. ಒಬ್ಬ ಪಾಲಕರ ದುರ್ಬೋಧನೆಯಿಂದ ಮಗು ಇನ್ನೊಬ್ಬರನ್ನು ದ್ವೇಷಿಸುವ ಸ್ಥಿತಿಗೆ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಒಂದು ರೋಗದ ಹೆಸರನ್ನೇ ಇಟ್ಟರು. ಆ ದೇಶದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗಗಳ ಕೈಪಿಡಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಆದಾಗ್ಯೂ 2017ರ ನಮ್ಮ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರಲ್ಲಿ ಅದೇ ಹೆಸರು ಕಾಣಿಸಿಕೊಂಡಿತು. ಮಗುವಿನ ಮನಸ್ಸನ್ನು ಕೆಡಿಸುವವರಿಲ್ಲವೆಂದಲ್ಲ. ಆದರೆ ಹೊಡೆತಕ್ಕೆ ಹೆದರಿ ದೂರ ಸರಿದ ಮಗುವಿಗೂ ಅದೇ ಹಣೆಪಟ್ಟಿಯನ್ನು ಅಂಟಿಸಿದರೆ ಅದರ ಪಾಡೇನು?

ಅಳತೆಯ ಪ್ರಶ್ನೆಯೂ ಉಂಟು. ಮನಃಶಾಸ್ತ್ರ ನಮ್ಮ ಸೀಮೆಗೆ ಅಪರಿಚಿತವಲ್ಲ; ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಅದರ ಪ್ರತ್ಯೇಕ ವಿಭಾಗವನ್ನು ತೆರೆದದ್ದು 1924ರಲ್ಲಿ. ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಧಾರವಾಡದ ಕನ್ನಡ ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಇಲ್ಲಿಯ ಮಕ್ಕಳನ್ನು ಇಲ್ಲಿಯ ಮಕ್ಕಳೊಡನೆಯೇ ಹೋಲಿಸಬೇಕೆಂಬ ವಿವೇಕ ಅವರಿಗಿತ್ತು. ಆದರೆ ಬುದ್ಧಿಯ ಅಂಕವಾಗಲಿ ವ್ಯಕ್ತಿತ್ವದ ಪ್ರಶ್ನಾವಳಿಯಾಗಲಿ, ಮಗುವಿಗೆ ಜ್ವರ ಬಂದ ರಾತ್ರಿ ಎದ್ದು ಕೂರುವವರು ಯಾರೆಂದು ಹೇಳುವುದಿಲ್ಲ. ಗಾಂಧೀಜಿ ಬಂದುಹೋದ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುವ ತಾಯಿಯೊಬ್ಬಳು ಆ ದಿನದ ಕೂಲಿಯನ್ನು ಕಳೆದುಕೊಂಡು, ಚಾಮರಾಜನಗರದಿಂದ ಬರುವ ರೈಲನ್ನು ಹತ್ತಿ ಪರೀಕ್ಷೆಗೆಂದು ಮೈಸೂರಿಗೆ ಹೋಗಿ, ಅಪರಿಚಿತರೆದುರು ಅಳುಕುತ್ತ ಚುಟುಕಾಗಿ ಉತ್ತರಿಸಿದಳೆಂದು ಭಾವಿಸೋಣ. ಆ ಅಳುಕೇ 'ಅಸಹಕಾರ'ವೆಂದು ದಾಖಲಾಗಿ, ಅನಂತರ ಆಂಗ್ಲ ಭಾಷೆಯ ವರದಿಯಾಗಿ ಅವಳ ಕೈಗೆ ಬಂದರೆ, ಅದನ್ನು ಅಲ್ಲಗಳೆಯುವುದಾದರೂ ಹೇಗೆ? ಮಗುವನ್ನು ಹಗಲೆಲ್ಲ ನೋಡಿಕೊಳ್ಳುವ ಅಜ್ಜಿಯ ಹೆಸರೇ ಆ ವರದಿಯಲ್ಲಿ ಬಾರದೆ ಹೋಗಬಹುದು.

ಇನ್ನು, ಹೆರಿಗೆಯ ಬಳಿಕ ಖಿನ್ನತೆಗೆ ಕೆಲಕಾಲ ಮಾತ್ರೆ ನುಂಗಿದವಳನ್ನು ಎದುರು ಪಕ್ಷದವರು 'ತಲೆ ಸರಿಯಿಲ್ಲದವಳು' ಎಂದುಬಿಡುವ ಚಾಳಿ. 2017ರ ಮಾನಸಿಕ ಆರೋಗ್ಯ ಶಾಸನವು ಮನೋರೋಗ ಉಂಟೆಂಬ ಮಾತ್ರಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ಭಾವಿಸತಕ್ಕದ್ದಲ್ಲವೆಂದಿದೆ. ರೋಗದ ಪುರಾವೆಯ ಬಗ್ಗೆ ತಕರಾರೆದ್ದರೆ ಅದನ್ನು ಮಾನಸಿಕ ಆರೋಗ್ಯ ಮಂಡಲಿಯ ಪರಿಶೀಲನೆಗೆ ಕಳುಹಿಸಬೇಕೆಂದು 105ನೆಯ ಪ್ರಕರಣ ವಿಧಿಸಿದೆ. ಇದನ್ನು ಬಲ್ಲ ಕಕ್ಷಿದಾರರು ಎಷ್ಟು ಮಂದಿ?

ಕೌಟುಂಬಿಕ ನ್ಯಾಯಾಲಯಗಳ ಶಾಸನದ 21ನೆಯ ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ನಿಯಮಗಳನ್ನು ರಚಿಸುವ ಅಧಿಕಾರವಿತ್ತಿದೆ. ನಮ್ಮ ಉಚ್ಚ ನ್ಯಾಯಾಲಯವು ಆ ಅಧಿಕಾರದಿಂದ ಮಗುವಿನ ಮೌಲ್ಯಮಾಪನಕ್ಕೆ ವಿಶದವಾದ ಕ್ರಮವೊಂದನ್ನು ವಿಧಿಸಲಿ: ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಪರೀಕ್ಷಕರಾಗದಿರಲಿ, ತಂದೆ ತಾಯಿ ಇಬ್ಬರನ್ನೂ ಸಮಾನವಾಗಿ ನೋಡದೆ ಒಬ್ಬರ ಮೇಲೆ ಅಭಿಪ್ರಾಯ ಬರೆಯದಿರಲಿ, ತಜ್ಞರು ಒಂದು ದಿನವಾದರೂ ಮಗುವಿನ ಊರಿಗೆ ಹೋಗಿ ಅದರ ಮನೆಯನ್ನೂ ಶಾಲೆಯನ್ನೂ ಕಾಣಲಿ, ವರದಿ ಕನ್ನಡದಲ್ಲಿ ಉಭಯ ಪಕ್ಷಗಳಿಗೂ ದೊರೆತು ಪಾಟೀಸವಾಲಿಗೆ ಒಳಪಡಲಿ. ಅದಕ್ಕೆ ತಗಲುವ ವೆಚ್ಚವನ್ನು ಸರ್ಕಾರ ಭರಿಸಲಿ. ಬಡವರ ಮಕ್ಕಳ ವ್ಯಾಜ್ಯದಲ್ಲಿ ಅದು ಕಕ್ಷಿದಾರರ ಮೇಲೆ ಬೀಳುವಂತಿರಕೂಡದು.