ಜ್ವರ ಇಳಿದ ಮೇಲೂ ಮುಚ್ಚಬಾರದ ಕಡತ

ರೋಗಿಯ ಮೈ ತಣ್ಣಗಾದೊಡನೆ ಮನೆಯವರೂ ವೈದ್ಯರೂ ನೆಮ್ಮದಿಯ ಉಸಿರು ಬಿಡುವುದು ಸಹಜ. ಆದರೆ ರಕ್ತನಾಳದ ಬೇನೆಯುಳ್ಳವರಿಗೆ ಕ್ಯೂ ಜ್ವರ ಬಂದಿದ್ದರೆ ಈ ನೆಮ್ಮದಿ ಅಕಾಲಿಕವಾದುದು.

1935ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರಲ್ಲಿ ಕಾರಣ ತಿಳಿಯದ ಜ್ವರವೊಂದು ಕಾಣಿಸಿಕೊಂಡಿತು. ಅದನ್ನು ಪರಿಶೀಲಿಸಿದ ಡಾ. ಎಡ್ವರ್ಡ್ ಡೆರಿಕ್ ಅವರು ಪ್ರಶ್ನೆಯ ಸಂಕೇತವಾಗಿ 'ಕ್ಯೂ' ಎಂಬ ಅಕ್ಷರವನ್ನಿಟ್ಟರು. ಉತ್ತರ ಬೇಗನೆ ದೊರೆಯಿತು. ಹೆಸರು ಮಾತ್ರ ಪ್ರಶ್ನೆಯಾಗಿಯೇ ಉಳಿಯಿತು! ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಈ ಜೀವಾಣು ಆಡು, ಕುರಿ, ದನಗಳಲ್ಲಿ ನೆಲೆಸಿ, ಅವು ಈಯುವಾಗ ಮಾಸಿನೊಡನೆ ಹೊರಬಿದ್ದು, ಧೂಳಿನಲ್ಲಿ ಬೆರೆತು ಗಾಳಿಯಲ್ಲಿ ಹರಡುತ್ತದೆ.

ನೆದರ್ಲೆಂಡ್ಸಿನಲ್ಲಿ 2007ರಿಂದ 2010ರವರೆಗೆ 4000ಕ್ಕೂ ಹೆಚ್ಚು ಮಂದಿಗೆ ಈ ಜ್ವರ ತಗಲಿದುದು ದಾಖಲಾಯಿತು. ಆಡುಗಳಿಗೆ ಲಸಿಕೆ ಹಾಕಿಸಲಾಯಿತು. ಗಬ್ಬದ ಆಡುಗಳನ್ನು ಸಾವಿರಗಟ್ಟಲೆ ಕೊಲ್ಲಲಾಯಿತು. ಪಿಡುಗು ಅಡಗಿತು. ಆದರೆ ಜ್ವರ ಬಂದುದೇ ಅರಿವಿಗೆ ಬಾರದಿದ್ದ ಕೆಲವರಲ್ಲಿ ವರ್ಷಗಳ ತರುವಾಯ ಮಹಾಧಮನಿಯ ಸೋಂಕು ಕಂಡುಬಂದಿತು. ಉಬ್ಬಿ ತೆಳುವಾದ ಧಮನಿಯ ಗೋಡೆಯಲ್ಲಿ, ಇಲ್ಲವೆ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ಕೃತಕ ನಾಳದಲ್ಲಿ ಜೀವಾಣು ಸದ್ದಿಲ್ಲದೆ ಬೀಡುಬಿಡುತ್ತದೆ. ದಣಿವು, ತೂಕದ ಇಳಿತ, ರಾತ್ರಿಯ ಬೆವರು, ಬೆನ್ನುನೋವು: ಇವನ್ನೆಲ್ಲ ಮುಪ್ಪಿನ ಲೆಕ್ಕಕ್ಕೆ ಬರೆಯುವುದು ವಾಡಿಕೆ. ಧಮನಿ ಒಡೆದಾಗ ಮಾಡಬಹುದಾದುದು ಅತ್ಯಲ್ಪ.

ಇಂಥವರಿಗೆ ಒಂದು ವರ್ಷದ ತಪಾಸಣೆ ಸಾಕೆಂಬ ವಾದ ಒಪ್ಪತಕ್ಕದ್ದಲ್ಲ. ಎಲ್ಲರ ರಕ್ತವನ್ನೂ ಆಜೀವ ಪರೀಕ್ಷಿಸಿದರೆ ವೃಥಾ ಭೀತಿ ಹಬ್ಬೀತೆಂಬ ಆಕ್ಷೇಪಣೆಯಲ್ಲಿ ಹುರುಳಿದೆ, ನಿಜ. ಸೋಂಕು ತಗಲಿದವರಲ್ಲಿ ದೀರ್ಘರೋಗಕ್ಕೆ ತುತ್ತಾಗುವವರು ನೂರಕ್ಕೆ ಕೆಲವರು ಮಾತ್ರ. ಆದರೆ ಇಲ್ಲಿ ಕೇಳುತ್ತಿರುವುದು ಎಲ್ಲರನ್ನಲ್ಲ. ಧಮನಿಯ ಉಬ್ಬು ಅಥವಾ ಕೃತಕ ನಾಳವುಳ್ಳವರನ್ನು. ಮೊದಲನೆಯ ಹಂತದ ಪ್ರತಿಕಾಯಗಳ ಪ್ರಮಾಣ 1:1024 ಮುಟ್ಟಿದರೆ ಅನುಮಾನಕ್ಕೆ ಎಡೆಯುಂಟು. ಅಂಕಿಯೊಂದನ್ನೇ ನಂಬದೆ ಸ್ಕ್ಯಾನ್ ಮಾಡಿಸಿ ನಿರ್ಧರಿಸಬೇಕು. ಚಿಕಿತ್ಸೆಯೇನೂ ಸುಲಭವಲ್ಲ. ಡಾಕ್ಸಿಸೈಕ್ಲಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಗಳನ್ನು ಕಡಿಮೆಯೆಂದರೂ ಒಂದೂವರೆ ವರ್ಷ ನುಂಗಬೇಕು. ಬಿಸಿಲನ್ನು ತಡೆಯದ ಚರ್ಮ, ಆಗಾಗ ಕಣ್ಣಿನ ಪರೀಕ್ಷೆ ಇವೆಲ್ಲ ಅದರ ಸಂಗಡವೇ. ಚಿಕಿತ್ಸೆ ನಿಂತ ಮೇಲೂ ರೋಗ ಮರುಕಳಿಸಬಹುದಾದುದರಿಂದ ರಕ್ತಪರೀಕ್ಷೆ ಮುಂದುವರಿಯಲೇಬೇಕು.

ಭಾರತದ ಜಾನುವಾರುಗಳಲ್ಲಿಯೂ ಮನುಷ್ಯರಲ್ಲಿಯೂ ಈ ಸೋಂಕಿನ ಗುರುತು ದೊರೆತಿದೆ. ಕೃತಕ ನಾಳ ಧರಿಸಿದ ನಗರವಾಸಿಯೊಬ್ಬರು ರಜೆಗೆ ಊರಿಗೆ ಹೋಗಿ ಬಂದು ಜ್ವರದಿಂದ ಮಲಗಿದರೆ, ವೈದ್ಯರು ಸೊಳ್ಳೆಯನ್ನೂ ನೀರನ್ನೂ ವಿಚಾರಿಸುತ್ತಾರೆ. ಕೊಟ್ಟಿಗೆಯಲ್ಲಿ ಆಡು ಈದಿತ್ತೇ ಎಂಬ ಪ್ರಶ್ನೆಯನ್ನು ಅವರು ಕೇಳದಿದ್ದರೆ ರೋಗಿಯೇ ಹೇಳಬೇಕಾಗುತ್ತದೆ.