ಫೋರ್ ವೀಲ್ ಲಿವರ್ ಮಣ್ಣಿಗೆ, ಟಾರಿಗಲ್ಲ

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಬರುವ ಮಿನಿ ಟ್ರ್ಯಾಕ್ಟರ್‌ಗಳ ಮುಂದಿನ ಟೈರನ್ನು ಒಮ್ಮೆ ಬಗ್ಗಿ ನೋಡಿ. ಕೆಲವದರಲ್ಲಿ ಹಿಂದಿನ ಟೈರಿನ ಹಲ್ಲು ಹೊಸದರಂತಿದ್ದರೆ ಮುಂದಿನದು ಬೋಳು. ಗಾಡಿಯ ತಪ್ಪಲ್ಲ, ಓಡಿಸುವವರದು. ನಾನೂ ಅದೇ ತಪ್ಪು ಮಾಡಿದವನು. ಮೊದಲ ವರ್ಷ ಗುಬ್ಬಿಯಿಂದ ತುಮಕೂರಿಗೆ ಫೋರ್ ವೀಲ್ ಹಾಕಿಕೊಂಡೇ ಓಡಾಡಿದೆ. ಟೈರು ಸವೀತು, ಒಂದು ದಿನ ಲಿವರ್ ಕಚ್ಚಿಕೊಂಡು ಆಚೆಗೇ ಬರಲಿಲ್ಲ.

ಕಾರಣ ಸರಳ. ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ಮುಂದೋಡುವಂತೆ ಗೇರ್ ಕೂಡಿಸಿರುತ್ತಾರೆ, ಹೊಲದಲ್ಲಿ ಎಳೆಯಲಿ ಅಂತ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಒಣ ಟಾರು, ಕಾಂಕ್ರೀಟಿನ ಮೇಲೆ ಜಾರಲು ಜಾಗವಿಲ್ಲ. ಒತ್ತಡವೆಲ್ಲ ಟೈರು, ಗೇರು, ಶಾಫ್ಟಿನ ಮೇಲೆ. ತಿರುವಿನಲ್ಲಂತೂ ಇನ್ನೂ ಹೆಚ್ಚು. ಲಿವರ್ ಇರುವ ಜೀಪಿಗೂ ತಿರುವಿನಲ್ಲಿ ಇದೇ ಕಷ್ಟ.

ಹಾಗಾಗಿ ಗುಬ್ಬಿಯ ರಾಷ್ಟ್ರೀಯ ಹೆದ್ದಾರಿ 73 ಇರಲಿ, ಕುಣಿಗಲ್‌ನ 75 ಇರಲಿ, ಟಾರು ಹತ್ತುವ ಮೊದಲು ಲಿವರ್ ತೆಗೀರಿ. ಗಟ್ಟಿಯಾದ ಒಣ ಮಣ್ಣು ರಸ್ತೆಗೂ ಅದು ಬೇಡ. ಕೆಸರು, ಮರಳು, ಕೆರೆ ಅಂಗಳಕ್ಕೆ ಇಳಿಯುವ ಮುಂಚೆಯೇ ಹಾಕಿ. ಹೂತ ಮೇಲೆ ಹಾಕಿದರೆ ಚಕ್ರ ಇನ್ನಷ್ಟು ಗುಂಡಿ ತೋಡುತ್ತೆ. ಲಿವರ್ ಕಚ್ಚಿಕೊಂಡರೆ ಬಲವಂತ ಬೇಡ, ನಾಲ್ಕಡಿ ನೇರ ಹಿಂದಕ್ಕೆ ತಗೊಂಡು ಬಿಡಿಸಿ.

ಒಂದು ವಿನಾಯಿತಿ ಇದೆ. ಬಹುತೇಕ ಟ್ರ್ಯಾಕ್ಟರ್‌ಗಳಿಗೆ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಗೋಡು ತುಂಬಿದ ಟ್ರೈಲರ್ ಕಟ್ಟಿಕೊಂಡು ಕೆರೆ ಏರಿ ಇಳಿಯುವಾಗ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರವೂ ತಡೆಯುತ್ತೆ. ಎರಡೂ ಬ್ರೇಕ್ ಪೆಡಲ್ ಒಟ್ಟಿಗೆ ಕೊಂಡಿ ಹಾಕಿ, ಚಿಕ್ಕ ಗೇರಿನಲ್ಲಿ ನಿಧಾನ ಇಳಿಸಿ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ಆದರೆ ನನ್ನ ನಿಜವಾದ ತಕರಾರು ಟೈರಿನದಲ್ಲ, ಮಣ್ಣಿನದು. ಫೋರ್ ವೀಲ್ ಇದೆ ಅಂತ ಮಳೆ ನಿಂತ ಮರುದಿನವೇ ಅಡಿಕೆ ತೋಟಕ್ಕೆ ನುಗ್ತೀವಿ. ಹೋಗುತ್ತೆ ಅನ್ನೋದು ಬೇರೆ, ಹೋಗಬೇಕು ಅನ್ನೋದು ಬೇರೆ. ಅಡಿಕೆಯ ಬೇರು ಹೆಚ್ಚಾಗಿ ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತೆ. ಹಸಿ ಮಣ್ಣಿನ ಮೇಲೆ ಗಾಡಿ ಹೋದರೆ ಗಾಳಿ, ನೀರು ಆಡುವ ಸಂದು ಮುಚ್ಚಿಹೋಗುತ್ತೆ. ಸವೆದ ಟೈರು ಅಂಗಡಿಯಲ್ಲಿ ಸಿಗುತ್ತೆ, ಗಟ್ಟಿಯಾದ ಮಣ್ಣು ಸಡಿಲಾಗಲು ವರ್ಷಗಳೇ ಬೇಕು. ಗೇಣುದ್ದ ಆಳದ ಮಣ್ಣು ಹಿಡಿದು ಹಿಸುಕಿ; ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿದರೂ ಒಡೆಯದಿದ್ದರೆ ಆವತ್ತು ಗಾಡಿ ಇಳಿಸಬೇಡಿ.

"ಬಾಡಿಗೆ ಗಾಡಿ ಸಿಗೋದೇ ಆವತ್ತು, ಏನ್ಮಾಡೋದು?" ಅಂತ ಕೇಳ್ತೀರಿ. ನ್ಯಾಯವೇ. ಹಾಗಿದ್ರೆ ಸಾಲುಗಳ ನಡುವೆ ಒಂದೇ ದಾರಿ ಗೊತ್ತು ಮಾಡಿ, ಪ್ರತಿ ಸಲ ಅದರಲ್ಲೇ ಓಡಿಸಿ. ಉಳಿದ ನೆಲ ಉಳಿಯುತ್ತೆ.

ಹೊಸದಾಗಿ ಕೊಳ್ಳುವವರಿಗೂ ಒಂದು ಮಾತು: ನಿಮ್ಮದು ಸಮತಟ್ಟಾದ ಕೆಂಪು ಮಣ್ಣು, ಗಾಡಿ ಹೆಚ್ಚು ಓಡುವುದು ರೋಡಿನಲ್ಲೇ ಅಂದ್ರೆ ಟೂ ವೀಲ್ ಸಾಕು. ಮಿಕ್ಕ ದುಡ್ಡು ಗೊಬ್ಬರಕ್ಕೆ ಹಾಕಿ.