ಲಕ್ಷಾಂತರ ಎಂಬ ಸುಳ್ಳು ಲೆಕ್ಕ

ನಮ್ಮ ಮನೆಗೆ ಬಹಳ ವರ್ಷಗಳಿಂದ ಎರಡು ಪತ್ರಿಕೆಗಳು ಬರುತ್ತವೆ. ಒಂದು ಕನ್ನಡದ್ದು, ಇನ್ನೊಂದು ಮರಾಠಿಯದು. ಟಿಳಕವಾಡಿಯಲ್ಲಿ ಇದೇನೂ ವಿಶೇಷವಲ್ಲ. ಆದರೆ ವರ್ಷಕ್ಕೊಮ್ಮೆ, ನವೆಂಬರ್ 2ರ ಬೆಳಿಗ್ಗೆ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಹರಡಿಕೊಂಡು ಓದುವುದು ನನ್ನ ರೂಢಿ. ಕನ್ನಡ ಪತ್ರಿಕೆಯ ಮೊದಲ ಪುಟದಲ್ಲಿ ರಾಣಿ ಚನ್ನಮ್ಮ ವೃತ್ತದ ರಾಜ್ಯೋತ್ಸವ. ಅಲ್ಲಿ ಸೇರಿದವರು ‘ಲಕ್ಷಾಂತರ’. ಒಳಪುಟದ ಮೂಲೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕಪ್ಪು ದಿನದ ಮೆರವಣಿಗೆ, ಅಲ್ಲಿದ್ದವರು ‘ಕೆಲವರು’. ಮರಾಠಿ ಪತ್ರಿಕೆಯನ್ನು ತೆರೆದರೆ ಲಕ್ಷ ಅತ್ತ ಹೋಗಿರುತ್ತದೆ, ‘ಕೆಲವರು’ ಇತ್ತ ಬಂದಿರುತ್ತಾರೆ. ಊರು ಒಂದೇ, ದಿನ ಒಂದೇ, ಬೀದಿಗಳೂ ಬಹುಪಾಲು ಅವೇ. 1956ರ ನವೆಂಬರ್ 1ರಂದು ಬೆಳಗಾವಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಒಬ್ಬರು ಹಬ್ಬವೆನ್ನುತ್ತಾರೆ, ಇನ್ನೊಬ್ಬರು ದುಃಖವೆನ್ನುತ್ತಾರೆ. ಅದು ಅಭಿಪ್ರಾಯ, ಇರಲಿ. ಆದರೆ ತಲೆಗಳ ಸಂಖ್ಯೆ ಅಭಿಪ್ರಾಯವಾದದ್ದು ಎಂದಿನಿಂದ?

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು. ನನ್ನ ತಕರಾರು ಅಷ್ಟೇ ಸರಳವಾದುದು: ಎಣಿಸದ ಸಂಖ್ಯೆಯನ್ನು ಅಚ್ಚು ಮಾಡಬಾರದು.

ನನ್ನ ಹಳೆಯ ವಿದ್ಯಾರ್ಥಿಗಳೇ, ಒಂದು ಲೆಕ್ಕವನ್ನು ಮಾಡಿ ನೋಡೋಣ, ಹೆದರಬೇಡಿ, ಏಳನೆಯ ಇಯತ್ತೆಯ ಲೆಕ್ಕವೇ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬುವರು ತಮ್ಮ ಕಚೇರಿಯ ಕಿಟಕಿಯಿಂದ ವಿದ್ಯಾರ್ಥಿಗಳ ಪ್ರತಿಭಟನೆಗಳನ್ನು ನೋಡುತ್ತಿದ್ದರು. ಕೆಳಗಿನ ಅಂಗಳದ ನೆಲ ಚೌಕಚೌಕವಾಗಿತ್ತು. ಒಂದು ಚೌಕದಲ್ಲಿ ಎಷ್ಟು ಜನ, ಅಂಥ ಚೌಕಗಳು ಎಷ್ಟು ಎಂದು ಗುಣಿಸಿದರು. ಅವರು ಕಂಡುಕೊಂಡ ಸೂತ್ರದ ಪ್ರಕಾರ ಜನ ಸಡಿಲವಾಗಿ ನಿಂತಾಗ ಒಬ್ಬರಿಗೆ 10 ಚದರ ಅಡಿ ಬೇಕು; ದಟ್ಟವಾಗಿ ನಿಂತಾಗ 4.5, ಉಸಿರು ಬಿಡಲೂ ಆಗದಂತೆ ಒತ್ತಿಕೊಂಡಾಗ 2.5. ಒಂದು ಎಕರೆಗೆ 43,560 ಚದರ ಅಡಿ. ಅಂದರೆ ಒಂದು ಲಕ್ಷ ಜನ ದಟ್ಟವಾಗಿ ನಿಲ್ಲಲು ಹತ್ತು ಎಕರೆಗೂ ಹೆಚ್ಚು ಬಯಲು ಬೇಕು. ನಮ್ಮ ವೃತ್ತಗಳನ್ನೂ ಚೌಕಗಳನ್ನೂ ನೆನೆಸಿಕೊಳ್ಳಿ. ನಡುವೆ ಪ್ರತಿಮೆ, ಸುತ್ತಲೂ ಅಂಗಡಿ, ಪೊಲೀಸರ ಅಡ್ಡಗಟ್ಟೆ, ಚುರುಮುರಿಯ ಗಾಡಿ.

ನಡೆಯುವ ಮೆರವಣಿಗೆಯ ಲೆಕ್ಕ ಇನ್ನೂ ಸುಲಭ. ಸಾಲಿಗೆ ಹತ್ತು ಜನ, ಎರಡು ಸೆಕೆಂಡಿಗೆ ಒಂದು ಸಾಲು ನಮ್ಮ ಮುಂದಿನಿಂದ ಸಾಗಿತೆಂದರೆ ನಿಮಿಷಕ್ಕೆ 300, ಗಂಟೆಗೆ 18,000. ಒಂದು ಲಕ್ಷ ಜನ ದಾಟಲು ಐದೂವರೆ ಗಂಟೆ ಬೇಕು, ಅದೂ ಎಲ್ಲಿಯೂ ಸಾಲು ಕಡಿಯದಿದ್ದರೆ. ಮುಕ್ಕಾಲು ಗಂಟೆಯಲ್ಲಿ ಮುಗಿದ ಮೆರವಣಿಗೆಯನ್ನು ‘ಲಕ್ಷಾಂತರ’ ಎಂದು ಬರೆಯುವ ವರದಿಗಾರನ ಕೈಯಲ್ಲಿ ಗಡಿಯಾರವಾದರೂ ಇರಲಿಲ್ಲವೇ?

ರಾಜ್ಯೋತ್ಸವದ ಮಟ್ಟಿಗೆ ಇನ್ನೊಂದು ತೊಡಕಿದೆ. ರೂಪಕ ವಾಹನಗಳು ಹೊತ್ತು ಮುಳುಗಿದ ಮೇಲೆ ಹೊರಟು ತಡರಾತ್ರಿಯವರೆಗೂ ಸಾಗುತ್ತವೆ. ಹಳ್ಳಿಗಳಿಂದ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ನೋಡಲು ಬಂದವರು ಮೆರವಣಿಗೆಯವರೋ, ಪ್ರೇಕ್ಷಕರೋ? ನನ್ನ ವಿದ್ಯಾರ್ಥಿಯೊಬ್ಬ, ಮನೆಮಾತು ಮರಾಠಿ, ನನ್ನಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವನು, ಒಂದು ವರ್ಷ ಬೆಳಿಗ್ಗೆ ತಂದೆಯ ಜೊತೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಡೆದ. ಸಂಜೆ ಗೆಳೆಯರ ಜೊತೆ ಚನ್ನಮ್ಮ ವೃತ್ತದಲ್ಲಿ ಡೊಳ್ಳಿನ ಮುಂದೆ ಕುಣಿದ. ಮರುದಿನ ಎರಡೂ ಪತ್ರಿಕೆಗಳ ಲಕ್ಷದಲ್ಲಿ ಅವನಿದ್ದ. ಆ ಹುಡುಗನಿಗೆ ಅದರಲ್ಲಿ ಯಾವ ವಿರೋಧಾಭಾಸವೂ ಕಾಣಲಿಲ್ಲ. ನನಗೂ ಈಗ ಕಾಣುವುದಿಲ್ಲ.

ಇದು ಬೆಳಗಾವಿಯ ರೋಗವಷ್ಟೇ ಅಲ್ಲ. 1995ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ‘ಮಿಲಿಯನ್ ಮ್ಯಾನ್ ಮಾರ್ಚ್’ ನಡೆದಾಗ ಅಲ್ಲಿನ ಉದ್ಯಾನ ಇಲಾಖೆ 4 ಲಕ್ಷ ಎಂದಿತು. ಸಂಘಟಕರು ಕೆರಳಿ ನ್ಯಾಯಾಲಯಕ್ಕೆ ಹೋಗುವುದಾಗಿ ಗುಡುಗಿದರು. ಮೇಲಿನಿಂದ ತೆಗೆದ ಚಿತ್ರಗಳನ್ನು ಅಳೆದ ಬಾಸ್ಟನ್ ವಿಶ್ವವಿದ್ಯಾಲಯದವರು 8,37,000 ಎಂದೂ, ಅದರಲ್ಲಿ ಶೇಕಡಾ 20ರಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಹೇಳಿದರು. ಈ ‘ಹೆಚ್ಚುಕಡಿಮೆ’ ಎಂಬ ಮಾತಿನಲ್ಲಿ ಎಷ್ಟು ಸಭ್ಯತೆ ಇದೆ ನೋಡಿ! ಕೊನೆಗೆ ಅಮೆರಿಕದ ಸಂಸತ್ತು, ಇನ್ನು ಮೇಲೆ ಉದ್ಯಾನ ಇಲಾಖೆ ಎಣಿಸುವುದೇ ಬೇಡ ಎಂದುಬಿಟ್ಟಿತು. ಜಗಳವಾಯಿತೆಂದು ತಕ್ಕಡಿಯನ್ನೇ ಬಿಸಾಡಿದ ಹಾಗೆ. ಹಾಂಗ್‌ಕಾಂಗಿನಲ್ಲಿ 2019ರ ಜೂನ್ 16ರ ಮೆರವಣಿಗೆಯನ್ನು ಸಂಘಟಕರು ಸುಮಾರು 20 ಲಕ್ಷ ಎಂದರು, ಪೊಲೀಸರು 3,38,000 ಎಂದರು. ಫ್ರಾನ್ಸಿನ ಪತ್ರಿಕೆಗಳು ‘ಪೊಲೀಸರ ಪ್ರಕಾರ ಇಷ್ಟು, ಸಂಘಟಕರ ಪ್ರಕಾರ ಇಷ್ಟು’ ಎಂದು ಎರಡನ್ನೂ ಅಚ್ಚು ಹಾಕುವ ಸಂಪ್ರದಾಯದವು; ಅದೂ ಸಾಲದೆಂದು ಹಲವು ಮಾಧ್ಯಮ ಸಂಸ್ಥೆಗಳು ಕೂಡಿ, ದಾರಿಯಲ್ಲಿ ಯಂತ್ರವಿಟ್ಟು ಎಣಿಸುವ ಮೂರನೆಯವರೊಬ್ಬರನ್ನು ನೇಮಿಸಿಕೊಂಡವು. ಅಲ್ಲಿಯೂ ಜಗಳ ನಿಂತಿಲ್ಲ. ಆದರೆ ಓದುಗನಿಗೆ ಯಾರು ಎಣಿಸಿದರು ಎಂಬುದಾದರೂ ತಿಳಿಯುತ್ತದೆ. ನಮ್ಮಲ್ಲಿ ಲಕ್ಷ ಎಂಬುದಕ್ಕೆ ತಂದೆ ತಾಯಿಯೇ ಇಲ್ಲ.

“ಸರ್, ಹೋರಾಟಕ್ಕೆ ಸಂಖ್ಯೆಯೇ ಬಲವಲ್ಲವೇ?” ಎಂದು ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ವಾದಿಸಿದ. ಅವನಿಗೆ ನಾನು ನೆನಪಿಸಿದ್ದು 2003ರ ಫೆಬ್ರವರಿ 15ನ್ನು. ಇರಾಕ್ ಯುದ್ಧ ಬೇಡವೆಂದು ಅಂದು ಲಂಡನ್ನಿನ ಬೀದಿಗಿಳಿದವರು ಪೊಲೀಸರ ಕಡಿಮೆ ಲೆಕ್ಕದಲ್ಲೇ 7.5 ಲಕ್ಷ. ಮಾರ್ಚ್ 20ಕ್ಕೆ ಯುದ್ಧ ಆರಂಭವಾಯಿತು.

ಅಷ್ಟು ದೂರ ಹೋಗುವುದೇಕೆ? 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಗಡಿಯ ಪ್ರಶ್ನೆಯತ್ತ ದಿಲ್ಲಿಯ ಗಮನ ಸೆಳೆಯಲು ಏಕೀಕರಣ ಸಮಿತಿ ಹೂಡಿದ ಉಪಾಯವದು. ನಾನು ಅವರ ಬೇಡಿಕೆಯನ್ನು ಒಪ್ಪಿದವನಲ್ಲ, ಒಪ್ಪುವವನೂ ಅಲ್ಲ, ಬೆಳಗಾವಿ ಕರ್ನಾಟಕದ್ದೇ. ಆದರೆ ಆ ಒಂದು ಸಲ ಅವರ ಸಂಖ್ಯೆ ಯಾರೂ ಅಲ್ಲಗಳೆಯಲಾಗದ ಸಂಖ್ಯೆಯಾಗಿತ್ತು. ಒಬ್ಬೊಬ್ಬರ ಹೆಸರೂ ಚುನಾವಣಾ ಆಯೋಗದ ಪಟ್ಟಿಯಲ್ಲಿತ್ತು. ಫಲವೇನು? ಇಷ್ಟು ಹೆಸರುಗಳನ್ನು ಮತಪತ್ರದಲ್ಲಿ ಹಿಡಿಸುವುದು ಹೇಗೆ ಎಂಬ ಸೋಜಿಗವೇ ಸುದ್ದಿಯಾಯಿತು. ಅದೇ ವರ್ಷ ಲೋಕಸಭಾ ಅಭ್ಯರ್ಥಿಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಅಷ್ಟೂ ಜನ ಏನು ಕೇಳಿದ್ದರು ಎಂಬುದನ್ನು ಕೇಳಿದವರು ಕಡಿಮೆ. ಸಂಖ್ಯೆ ಬೇಡಿಕೆಯನ್ನು ನುಂಗಿತು.

ಈಗ ಸಂಖ್ಯೆಯ ಜೊತೆಗೆ ಚಿತ್ರವೂ ಬಂದಿದೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನವೆಂದರೆ ನಮ್ಮೂರಿಗೆ ಪ್ರತಿಭಟನೆಗಳ ಜಾತ್ರೆ. ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು, ಅನುದಾನವಿಲ್ಲದ ಶಾಲೆಗಳ ಶಿಕ್ಷಕರು ಪೆಂಡಾಲುಗಳಲ್ಲಿ ಕೂಡುತ್ತಾರೆ. ಒಂದು ವರ್ಷ ನಾನೂ ನಿವೃತ್ತ ಶಿಕ್ಷಕರ ಜೊತೆ ಪಿಂಚಣಿಯ ವಿಷಯಕ್ಕೆ ಹೋಗಿ ಕೂತಿದ್ದೆ. ಅಭ್ಯಾಸಬಲದಿಂದ ಹಾಜರಿ ತೆಗೆದುಕೊಂಡೆ: 143 ಜನ. ಮಧ್ಯಾಹ್ನ ದೂರದರ್ಶನ ವಾಹಿನಿಯೊಂದರ ಹುಡುಗ ಕ್ಯಾಮೆರಾ ಹಿಡಿದು ಬಂದು, “ಅಜ್ಜಾರ, ಸ್ವಲ್ಪ ಒತ್ತಿ ಕೂಡ್ರಿ, ಗದ್ದಲ ಕಾಣಬೇಕ್ರಿ” ಎಂದ. ಒತ್ತಿ ಕೂತೆವು. ಘೋಷಣೆ ಕೂಗಿರೆಂದ; ಕೂಗಿದೆವು. ನಮ್ಮ ಬೇಡಿಕೆಯ ಪತ್ರವನ್ನು ನಮ್ಮ ಹಿರಿಯರೊಬ್ಬರು ಚಾಚಿದರೆ, “ಅದು ಇರಲಿ ಬಿಡ್ರಿ” ಎಂದು ಹೊರಟೇಹೋದ. ರಾತ್ರಿ ನೋಡಿದರೆ ನಾವು ‘ಸಾವಿರಾರು’ ಆಗಿದ್ದೆವು. ಜೊತೆಗಿದ್ದವರೆಲ್ಲ ಸಂತೋಷಪಟ್ಟರು. ಆ ಹೊತ್ತಿಗೆ ನಾನೂ ಸಂತೋಷಪಟ್ಟೆ. ಏನನ್ನು ಕೇಳಲು ಹೋಗಿದ್ದೆವು ಎಂಬುದು ಮಾತ್ರ ಆ ಸುದ್ದಿಯಲ್ಲಿ ಇರಲಿಲ್ಲ.

ಈ ಲಕ್ಷದ ಹಸಿವಿನಿಂದ ಪೆಟ್ಟು ತಿನ್ನುವವರು ಯಾರೆಂಬುದನ್ನು ನೋಡಬೇಕಾದರೆ ನಮ್ಮ ಮನೆಯ ಹತ್ತಿರದ ಖಾನಾಪುರ ರಸ್ತೆಯಲ್ಲೇ ಹೋಗಬೇಕು. ಖಾನಾಪುರ ದಾಟಿ ಭೀಮಗಡದ ಕಾಡಿನೊಳಗೆ ಆಮಗಾಂವದಂಥ ಊರುಗಳಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ದಾರಿಯೇ ಇಲ್ಲ. 2024ರ ಜುಲೈನಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬಳನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿಕೊಂಡು ಕಾಡುದಾರಿಯಲ್ಲಿ ಹೊತ್ತು ತಂದ ಚಿತ್ರವನ್ನು ನೀವೂ ನೋಡಿರಬಹುದು. ಮುನ್ನೂರು ಜನರ ಊರೊಂದರಿಂದ ಅರವತ್ತು ಜನ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಯ ಮುಂದೆ ಬಂದು ನಿಂತರೆನ್ನಿ. ಐದಕ್ಕೆ ಒಬ್ಬರು. ಬೆಳಗಾವಿಯಂಥ ಊರಿನಲ್ಲಿ ಅದೇ ಪ್ರಮಾಣದಲ್ಲಿ ಜನ ಹೊರಟರೆ ನಿಜವಾಗಿಯೂ ಲಕ್ಷ ಸೇರುತ್ತದೆ! ಆದರೆ ಪತ್ರಿಕೆಯ ಕಣ್ಣಿಗೆ ಅವರು ‘ಬೆರಳೆಣಿಕೆಯ ಗ್ರಾಮಸ್ಥರು’. ಅನುಪಾತದ ಪಾಠವನ್ನು ಆರನೆಯ ಇಯತ್ತೆಗೇ ಇಟ್ಟಿದ್ದಾರೆ. ಕಲಿತು ಬಂದವರೇ ಪತ್ರಿಕೆ ನಡೆಸುತ್ತಿದ್ದಾರೆ.

ಇನ್ನೊಂದು ಕಡೆ, 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿಯ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದಾಗ ಎರಡೂ ರಾಜ್ಯಗಳ ವಾಹಿನಿಗಳು ಅದನ್ನೇ ಮತ್ತೆ ಮತ್ತೆ ತೋರಿಸಿದವು. ಕಲ್ಲು ಹಿಡಿದವರನ್ನು ಎಣಿಸುವ ಗೊಡವೆಯೇ ಇರಲಿಲ್ಲ. ಕಲ್ಲಿಗೆ ಸಂಖ್ಯೆಯ ಹಂಗಿಲ್ಲ. ಕಾಡಿನ ಊರಿನವರು ಇದರಿಂದ ಯಾವ ಪಾಠ ಕಲಿಯಬೇಕೆಂದು ನಮ್ಮ ಅಪೇಕ್ಷೆ?

ಇಷ್ಟೆಲ್ಲ ಹೇಳಿದ ಮೇಲೆ ನನ್ನದೂ ಒಂದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಎಷ್ಟೋ ವರ್ಷಗಳ ಹಿಂದೆ ಒಂದು ರಾಜ್ಯೋತ್ಸವದ ಬೆಳಿಗ್ಗೆ ನಮ್ಮ ಶಾಲೆಯ ಮಕ್ಕಳನ್ನು ಪ್ರಭಾತಫೇರಿಗೆ ಕರೆದೊಯ್ದಿದ್ದೆ. ನಾಲ್ಕು ಶಾಲೆಗಳು ಸೇರಿದ್ದವು. ಮರುದಿನ ಪತ್ರಿಕೆಯಲ್ಲಿ ‘ಹತ್ತು ಸಾವಿರ ವಿದ್ಯಾರ್ಥಿಗಳು’ ಎಂದು ಬಂತು. ಹೆಮ್ಮೆಯಿಂದ ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದೆ. ಎಂಟನೆಯ ಇಯತ್ತೆಯ ಹುಡುಗನೊಬ್ಬ ವರ್ಗದಲ್ಲಿ ಎದ್ದು ನಿಂತು, “ಸರ್, ನಾನು ಸಾಲು ಎಣಿಸೀನ್ರಿ. ಮೂರರ ಸಾಲು, ಇನ್ನೂರ ಎಂಬತ್ತು. ಹತ್ತು ಸಾವಿರ ಹ್ಯಾಂಗ ಆತ್ರಿ?” ಎಂದು ಕೇಳಿದ. ನಾನು, “ಕನ್ನಡದ ಕೆಲಸದಾಗ ಲೆಕ್ಕ ಹಿಡೀತೀಯೇನು? ಕೂಡು ಕೆಳಗ” ಎಂದು ಗದರಿಸಿದೆ. ವರ್ಗವೆಲ್ಲ ನಕ್ಕಿತು. ಆ ವರ್ಷವೆಲ್ಲ ಅವನು ಮತ್ತೆ ಕೈ ಎತ್ತಲಿಲ್ಲ.

ಅವನು ಈಗ ಪುಣೆಯಲ್ಲಿದ್ದಾನೆಂದು ಯಾರೋ ಹೇಳಿದರು. ಈ ಪುಟವನ್ನು ಓದುತ್ತಾನೋ ಇಲ್ಲವೋ. ಓದಿದರೆ ಇಷ್ಟು ತಿಳಿಸಬೇಕು: ಮಗಾ, 280ನ್ನು ಮೂರರಿಂದ ಗುಣಿಸಿದರೆ 840. ನಿನ್ನ ಉತ್ತರ ಸರಿಯಾಗಿತ್ತು. ಆ ಕತ್ತರಿಸಿದ ಹಾಳೆಯನ್ನು ಫಲಕದಿಂದ ಅಂದೇ ತೆಗೆಯಬೇಕಾಗಿತ್ತು; ಬೇಸಿಗೆ ರಜೆಯವರೆಗೂ ನಾನು ಅದನ್ನು ಅಲ್ಲೇ ಬಿಟ್ಟಿದ್ದೆ.